ಟ್ರಿಯೆಸ್ಟೆ (ಆಳಸಾಗರ ನೌಕೆ)

ಟ್ರಿಯೆಸ್ಟೆಯು ಸಾಗರದ ಅತ್ಯಂತ ಆಳದ ತಾಣಕ್ಕೆ ಮನುಷ್ಯರನ್ನು ಮೊದಲ ಬಾರಿಗೆ ಕೊಂಡೊಯ್ದ ನೌಕೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಆಗಸ್ಟ್ ಪಿಕಾರ್ ರೂಪಿಸಿದ ಇದು 1953ರಲ್ಲಿ ಇಟಲಿಯಲ್ಲಿ ನೀರಿಗಿಳಿಯಿತು. 1958ರಲ್ಲಿ ಅಮೆರಿಕದ ನೌಕಾಪಡೆ ಇದನ್ನು ಕೊಂಡುಕೊಂಡಿತು. 1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಇದರಲ್ಲಿ ಪೆಸಿಫಿಕ್ ಸಾಗರದ ಚಾಲೆಂಜರ್ ಡೀಪ್‌ನ ತಳವನ್ನು, ಸುಮಾರು 10,900 ಮೀಟರ್ ಆಳದಲ್ಲಿ, ಮುಟ್ಟಿದರು. 1963ರಲ್ಲಿ ಮುಳುಗಿದ ಥ್ರೆಶರ್ ಜಲಾಂತರ್ಗಾಮಿಯ ಶೋಧದ ಬಳಿಕ ಇದು ನಿವೃತ್ತವಾಯಿತು.

ಈಗಿನ ನೆಲೆ

ನೌಕೆಯು ಈಗ ವಾಷಿಂಗ್ಟನ್ ನಗರದಲ್ಲಿರುವ ಅಮೆರಿಕದ ನೌಕಾಪಡೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ನೋಡುಗರ ಗಮನ ಸೆಳೆಯುವ ಉದ್ದನೆಯ ಒಡಲು ವಾಸ್ತವವಾಗಿ ಪೆಟ್ರೋಲ್ ತುಂಬುವ ತೊಟ್ಟಿ; ನೀರಿಗಿಂತ ಹಗುರವಾದ ಪೆಟ್ರೋಲ್ ನೌಕೆಯನ್ನು ತೇಲಿಸುತ್ತಿತ್ತು. ಇಬ್ಬರೂ ಕುಳಿತದ್ದು ಅದರ ಕೆಳಗಿನ, 12.7 ಸೆಂಟಿಮೀಟರ್ ದಪ್ಪದ ಗೋಡೆಯುಳ್ಳ ಉಕ್ಕಿನ ಗೋಳದಲ್ಲಿ. ಜರ್ಮನಿಯ ಕ್ರುಪ್ ಸಂಸ್ಥೆ ತಯಾರಿಸಿದ ಈ ಗೋಳವೂ ಅಲ್ಲಿಯೇ ಇದೆ.

ಇಟಲಿಯ ಟೆರ್ನಿಯಲ್ಲಿ ತಯಾರಾದ ಮೊದಲ ಗೋಳವು ಅಷ್ಟು ಆಳದ ಒತ್ತಡಕ್ಕೆ ಸಾಲದಾಗಿತ್ತು. ಅದನ್ನು ಮುಂದೆ ಟ್ರಿಯೆಸ್ಟೆ-2 ಎಂಬ ನೌಕೆಯ ನಿರ್ಮಾಣಕ್ಕೆ ಬಳಸಲಾಯಿತು. ಆ ನೌಕೆಯಿರುವುದು ವಾಷಿಂಗ್ಟನ್ ರಾಜ್ಯದ ಕೀಪೋರ್ಟ್‌ನ ವಸ್ತುಸಂಗ್ರಹಾಲಯದಲ್ಲಿ. ನಗರ ಮತ್ತು ರಾಜ್ಯಗಳ ಹೆಸರು ಒಂದೇ ಆಗಿರುವುದರಿಂದ ಎರಡು ನೌಕೆಗಳನ್ನು ಒಂದೆಂದು ತಿಳಿಯುವ ಸಾಧ್ಯತೆಯಿದೆ. ಇವೆರಡರ ನಡುವೆ ಇಡೀ ಅಮೆರಿಕ ಖಂಡದ ಅಗಲವಿದೆ.