ಎರೆನಾಡಿನ ಕೆರೆಗಳಲ್ಲಿ ಆಮೆಯ ಗ್ರೀಷ್ಮನಿದ್ರೆ

ಆಮೆಯು ಶೀತರಕ್ತದ ಪ್ರಾಣಿ. ಮೈಯ ಶಾಖವನ್ನು ತಾನೇ ಕಾಯ್ದುಕೊಳ್ಳಲಾರದ ಕಾರಣ ಅದರ ಜೀವಕ್ರಿಯೆಗಳು ಸುತ್ತಲಿನ ಉಷ್ಣಮಾನವನ್ನು ಅನುಸರಿಸಿ ನಡೆಯುತ್ತವೆ. ಪ್ರತಿಕೂಲವಾದ ಋತುವನ್ನು ಅದು ಹೇಗೆ ಕಳೆಯುತ್ತದೆಂಬುದನ್ನು ನಮ್ಮ ಜಿಲ್ಲೆಯ ಮಟ್ಟಿಗೆ ಇಲ್ಲಿ ವಿಚಾರಿಸಲು ಬಯಸುತ್ತೇವೆ.

ಉತ್ತರ ಅಮೇರಿಕದ ಶೀತಪ್ರದೇಶಗಳಲ್ಲಿ ಅಂಥ ಋತುವೆಂದರೆ ಚಳಿಗಾಲ. ನೀರು ಸುಮಾರು 4 ಅಂಶ ಸೆಂಟಿಗ್ರೇಡಿನಲ್ಲಿ ಅತ್ಯಂತ ಸಾಂದ್ರವಾಗಿರುವುದರಿಂದ, ಮೇಲೆ ಮಂಜುಗಡ್ಡೆ ಕಟ್ಟಿದರೂ ಆಳವಾದ ಕೊಳದ ತಳವು ಹೆಪ್ಪುಗಟ್ಟುವುದಿಲ್ಲ. ಅಲ್ಲಿಯ ಆಮೆಗಳು ತಿಂಗಳುಗಟ್ಟಲೆ ಆಹಾರವಿಲ್ಲದೆ ಆ ತಳದಲ್ಲಿಯೇ ಉಳಿಯುತ್ತವೆ. ಕೆಲವು ಜಾತಿಗಳು ಆಮ್ಲಜನಕವಿಲ್ಲದೆಯೂ ಬಹುಕಾಲ ಬದುಕಬಲ್ಲವು. ಆಗ ದೇಹದಲ್ಲಿ ಸಂಚಯವಾಗುವ ಲ್ಯಾಕ್ಟಿಕ್ ಆಮ್ಲವನ್ನು ಚಿಪ್ಪಿನ ಸುಣ್ಣದ ಅಂಶವು ಶಮನಗೊಳಿಸುತ್ತದೆ. ಆ ದೇಶಗಳಲ್ಲಿ ಆಮೆ ಸಾಕುವವರು ಹೊರಗಿನ ಕೊಳದ ಆಳಕ್ಕೆ ಮಹತ್ವ ಕೊಡುವುದು ಇದಕ್ಕಾಗಿಯೇ.

ಧಾರವಾಡ ಜಿಲ್ಲೆಯಲ್ಲಿ ಕೆರೆಯ ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ಇಲ್ಲಿ ಕಠಿಣವಾದ ಕಾಲವೆಂದರೆ ಬೇಸಿಗೆ. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಗೆ ಮಳೆ ಹೆಚ್ಚು. ಪೂರ್ವದ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಗೆ ಕಡಿಮೆ. ಈ ಕಡೆಯ ಸಣ್ಣ ಕೆರೆ ಹೊಂಡಗಳು ಚೈತ್ರ ವೈಶಾಖಗಳಲ್ಲಿ ಬತ್ತುವುದುಂಟು. ಆದುದರಿಂದ ನಮ್ಮ ಆಮೆ ಎದುರಿಸಬೇಕಾದುದು ಶೀತವನ್ನಲ್ಲ, ನೀರಿನ ಅಭಾವವನ್ನು.

ದಕ್ಷಿಣ ಭಾರತದ ಕೆರೆಗಳಲ್ಲಿ ಸಾಮಾನ್ಯವಾಗಿರುವ ಮೃದುಚಿಪ್ಪಿನ ಆಮೆಯ ಶಾಸ್ತ್ರೀಯ ನಾಮ ಲಿಸ್ಸೆಮಿಸ್ ಪಂಕ್ಟೇಟಾ. ಬೆಳೆದ ಆಮೆಯ ಚಿಪ್ಪು ಸುಮಾರು ಒಂದು ಅಡಿ ಉದ್ದವಾಗಬಹುದು. ಹಿಂಗಾಲುಗಳನ್ನು ಒಳಗೆಳೆದುಕೊಂಡಾಗ ಅವುಗಳನ್ನು ಮುಚ್ಚುವ ಎರಡು ಚರ್ಮದ ಮಡಿಕೆಗಳು ಅದರ ಹೊಟ್ಟೆಯ ಭಾಗದಲ್ಲಿರುತ್ತವೆ. ಬಸವನಹುಳು, ಮೀನು, ಕಪ್ಪೆ, ಜಲಸಸ್ಯಗಳಲ್ಲದೆ ಸತ್ತ ಪ್ರಾಣಿಗಳನ್ನೂ ತಿನ್ನುವುದರಿಂದ ಅದು ಕೆರೆಯನ್ನು ಶುಚಿಯಾಗಿಡಲು ನೆರವಾಗುತ್ತದೆ. ನೀರು ಇಂಗತೊಡಗಿದಾಗ ಈ ಆಮೆಯು ಬೇರೆ ನೀರನ್ನರಸಿ ನೆಲದ ಮೇಲೆ ನಡೆದುಹೋಗುತ್ತದೆ. ಇಲ್ಲವೇ ತಳದ ಕೆಸರಿನಲ್ಲಿ ಹುದುಗಿ, ಜೀವಕ್ರಿಯೆಗಳನ್ನು ತಗ್ಗಿಸಿಕೊಂಡು, ಮಳೆ ಬರುವವರೆಗೆ ನಿಶ್ಚಲವಾಗಿರುತ್ತದೆ. ಇದೇ ಗ್ರೀಷ್ಮನಿದ್ರೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಸಿಮೆಂಟಿನ ತೊಟ್ಟಿಯಲ್ಲಿ ಎಷ್ಟು ನೀರು ತುಂಬಿದರೂ ಅದು ಈ ಆಮೆಗೆ ತಕ್ಕ ನೆಲೆಯಾಗಲಾರದು. ಅಲ್ಲಿ ಹುದುಗಲು ಕೆಸರಿಲ್ಲ, ಹೊರಟುಹೋಗಲು ದಾರಿಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿರುವ ಈ ಪ್ರಾಣಿಯನ್ನು ಹಿಡಿದು ಸಾಕುವುದು ಅಪರಾಧವೂ ಹೌದು. ಎರಡನೆಯದು ಇನ್ನೂ ಗಮನಾರ್ಹವಾದುದು. ಕೆರೆಗಳ ಹೂಳನ್ನು ತೆಗೆಯುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ. ಆಮೆಯು ಅದೇ ಹೂಳಿನಲ್ಲಿ ಅಲುಗಾಡದೆ ಮಲಗಿರುವುದೂ ಆಗಲೇ. ಯಂತ್ರದ ಬಾಯಿಗೆ ಸಿಕ್ಕ ಆಮೆಯು ಮಣ್ಣಿನೊಡನೆ ಹೊಲಕ್ಕೆ ಸಾಗಿಹೋದರೆ ಅದನ್ನು ಗುರುತಿಸುವವರೇ ಇರುವುದಿಲ್ಲ.

ಹೂಳು ತೆಗೆಯುವುದು ರೈತರಿಗೂ ಕೆರೆಗೂ ಅವಶ್ಯವಾದ ಕೆಲಸ. ಅದನ್ನು ನಿಲ್ಲಿಸಬೇಕೆಂದು ನಾವು ಹೇಳುವುದಿಲ್ಲ. ಆದರೆ ಇಡೀ ಕೆರೆಯನ್ನು ಒಮ್ಮೆಲೆ ಕೆರೆಯದೆ, ತೇವವಿರುವ ಒಂದು ಭಾಗವನ್ನು ಮುಟ್ಟದೆ ಬಿಡಬಹುದು. ಆಮೆ ಕಂಡಲ್ಲಿ ಕೆಲಸವನ್ನು ತಡೆದು ಅರಣ್ಯ ಇಲಾಖೆಗೆ ತಿಳಿಸಬಹುದು. ತಮ್ಮೂರಿನ ಕೆರೆ ಯಾವ ತಿಂಗಳಲ್ಲಿ ಬತ್ತಿತು, ಮೊದಲ ಮಳೆಯ ತರುವಾಯ ಆಮೆ ಎಂದು ಕಾಣಿಸಿಕೊಂಡಿತು ಎಂಬುದನ್ನು ವಿದ್ಯಾರ್ಥಿಗಳು ವರ್ಷವರ್ಷವೂ ಬರೆದಿಡುವುದಾದರೆ, ಆ ಟಿಪ್ಪಣಿಗಳು ಹೂಳೆತ್ತುವ ಕಾಲವನ್ನು ಗೊತ್ತುಮಾಡುವುದಕ್ಕೂ ಉಪಯೋಗಕ್ಕೆ ಬಂದಾವು.