ಮಣ್ಣಿನ ಗೋಡೆಯೂ ಕೂಡಿ ಕಟ್ಟುವ ಕ್ರಮವೂ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದುದು 1948ರಲ್ಲಿ. ಅನಂತರ ಬನಶಂಕರಿ, ಜೆ. ಪಿ. ನಗರ ಮೊದಲಾದ ಬಡಾವಣೆಗಳು ಬೆಳೆದುವು. ಇಲ್ಲಿಯ ನೆಲವು ಬಹುಮಟ್ಟಿಗೆ ಕೆಮ್ಮಣ್ಣಿನದು. ಮನೆ ಕಟ್ಟುವವರು ಪಾಯ ತೋಡಿದ ಮಣ್ಣನ್ನು ಹೊರಕ್ಕೆ ಸಾಗಿಸಿ, ದೂರದ ಗೂಡುಗಳಲ್ಲಿ ಸುಟ್ಟ ಇಟ್ಟಿಗೆಯನ್ನು ತರಿಸುವುದು ವಾಡಿಕೆಯಾಯಿತು. ತೋಡಿದ ಮಣ್ಣೇ ಗೋಡೆಯಾಗಬಾರದೇಕೆ ಎಂಬ ಪ್ರಶ್ನೆಗೆ ಉತ್ತರವೂ ಇದೇ ನಗರದಲ್ಲಿ ದೊರೆಯಿತು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ಗ್ರಾಮಜೀವನಕ್ಕೆ ವಿಜ್ಞಾನವನ್ನು ಅನ್ವಯಿಸುವುದು ಅದರ ಉದ್ದೇಶ. ಅಲ್ಲಿ ಕೆ. ಎಸ್. ಜಗದೀಶ್ ಮೊದಲಾದವರು ಮಣ್ಣಿಗೆ ಮರಳನ್ನೂ ಅಲ್ಪ ಪ್ರಮಾಣದ ಸಿಮೆಂಟನ್ನೂ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾಗುವ ಇಟ್ಟಿಗೆಯನ್ನು ಸಿದ್ಧಪಡಿಸಿದರು. ಇದಕ್ಕೆ ತಗಲುವ ಶಕ್ತಿಯು ಸುಟ್ಟ ಇಟ್ಟಿಗೆಯದರ ಸುಮಾರು ಕಾಲುಭಾಗವೆಂದು ಜಗದೀಶ್ ಮತ್ತು ಬಿ. ವಿ. ವೆಂಕಟರಾಮ ರೆಡ್ಡಿಯವರು 2003ರಲ್ಲಿ ಪ್ರಕಟಿಸಿದರು.

ಗೂಡಿನ ಇಟ್ಟಿಗೆಯು ಸಿದ್ಧವಸ್ತುವಾಗಿ ಬರುತ್ತದೆ. ಮಣ್ಣಿನ ಇಟ್ಟಿಗೆಯಾದರೋ ನಿವೇಶನದಿಂದ ನಿವೇಶನಕ್ಕೆ ಬೇರೆ ಬೇರೆ. ಜೇಡಿ ಹೆಚ್ಚಾದರೆ ಒಣಗುವಾಗ ಬಿರಿಯುವುದು. ಮರಳು ಹೆಚ್ಚಾದರೆ ಎತ್ತುವಾಗಲೇ ಅಂಚು ಉದುರುವುದು. ಹದವನ್ನು ಮುಷ್ಟಿಯಲ್ಲಿ ಹಿಡಿದು ನೋಡಬೇಕು. ಒತ್ತಿದ ಮೇಲೆ ಸುಮಾರು ಮೂರು ವಾರ ತೇವವಾರದಂತೆ ಕಾಯಬೇಕು. ಗಿಲಾವು ಮಾಡದ ಗೋಡೆಯಲ್ಲಿ ಪ್ರತಿಯೊಂದು ವರಸೆಯೂ ಕಣ್ಣಿಗೆ ಬೀಳುವುದು. ಆದುದರಿಂದ ನಕ್ಷೆ ಬರೆದವನ ಜ್ಞಾನವೊಂದೇ ಸಾಲದು; ಕಲಸುವವನೂ ಒತ್ತುವವನೂ ಕಟ್ಟುವವನೂ ಕಾರಣಸಹಿತವಾಗಿ ಕೆಲಸವನ್ನು ಅರಿತಿರಬೇಕು. ಸಹಕಾರವು ಇಲ್ಲಿ ಔದಾರ್ಯದ ಮಾತಲ್ಲ, ಕೆಲಸದ ನಿಯಮ.

ಈ ಕ್ರಮವನ್ನು ನಗರದ ಗೃಹನಿರ್ಮಾಣದಲ್ಲಿ ನೆಲೆಗೊಳಿಸಿದವರಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಪ್ರಮುಖರು. ಅವರ ‘ಬಯೋಮ್’ ಸಂಸ್ಥೆಯ ಮನೆಗಳಲ್ಲಿ ನೆಲಮಾಳಿಗೆಗೆಂದು ತೋಡಿದ ಮಣ್ಣೇ ಮೇಲಿನ ಗೋಡೆಯಾಗುವುದುಂಟು. ಛಾವಣಿಯ ಮಳೆನೀರಿಗೂ ಅಷ್ಟೇ ಗಮನ. ವರ್ಷಕ್ಕೆ 900 ಮಿಲಿಮೀಟರ್ ಮಳೆಯೆಂದು ಎಣಿಸಿದರೂ 30×40 ಅಡಿಯ ಛಾವಣಿಯ ಮೇಲೆ ಸುಮಾರು ಒಂದು ಲಕ್ಷ ಲೀಟರ್ ನೀರು ಬೀಳುವುದು. ಅದನ್ನು ನೆಲಕ್ಕೆ ಇಂಗಿಸುವ ಬಾವಿಗಳನ್ನು ತೋಡುವ ಕೆಲಸದಲ್ಲಿ, ಆ ವಿದ್ಯೆಯನ್ನು ಕುಲವೃತ್ತಿಯಾಗಿ ಉಳಿಸಿಕೊಂಡು ಬಂದ ಮಣ್ಣುವಡ್ಡರು ನಗರದಲ್ಲಿ ಮತ್ತೆ ತೊಡಗಿದ್ದಾರೆ.

ಈ ಪದ್ಧತಿಗೆ ಮಿತಿಯೂ ಉಂಟು. ಭಾರ ಹೊರುವ ಮಣ್ಣಿನ ಗೋಡೆಯು ಎರಡು ಮೂರು ಅಂತಸ್ತುಗಳಿಗೆ ತಕ್ಕದ್ದು. ನೆಲದ ಬೆಲೆ ಏರಿದಂತೆ ಒಡೆಯರು ಬಹುಮಹಡಿಯನ್ನೇ ಬಯಸುತ್ತಾರೆ. ಆಗ ಕಳೆದುಹೋಗುವುದು ಗೋಡೆಯೊಂದೇ ಅಲ್ಲ. ಎಡೆಬಿಡದ ಕೆಲಸವಿಲ್ಲದೆ ಕೈಯ ಹದವೂ ಮರೆಯಾಗುವುದು.

ಸೋಮನಾಥಪುರದ ಶಿಲ್ಪಗಳಲ್ಲಿ ಮಲ್ಲಿತಮ್ಮನ ಹೆಸರು ಕೆತ್ತಿರುವುದರಿಂದ ಏಳು ಶತಮಾನಗಳ ಮೇಲೆಯೂ ಆ ರೂವಾರಿಯನ್ನು ನಾವು ಬಲ್ಲೆವು. ಮಣ್ಣಿನ ಗೋಡೆಯಲ್ಲಿ ಯಾರ ಹೆಸರೂ ಇರುವುದಿಲ್ಲ. ಅದನ್ನು ಕಟ್ಟಿದವರ ವಿದ್ಯೆ ಉಳಿಯಬೇಕಾದರೆ ಮತ್ತೊಂದು ಗೋಡೆಯನ್ನು ಅವರು ಕಟ್ಟುತ್ತಲೇ ಇರಬೇಕು.