ತೂಕ ಇಳಿಸುವ ಆಪರೇಷನ್ ನಂತರ ರಕ್ತ ತಪಾಸಣೆ



ಅತಿ ಬೊಜ್ಜು, ಅದರ ಬೆನ್ನಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು ಇದ್ದವರಿಗೆ ಜಠರವನ್ನು ಚಿಕ್ಕದು ಮಾಡುವ ಆಪರೇಷನ್ ಹೊಸ ಸಂಗತಿಯೇನಲ್ಲ. ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ 1966ರಲ್ಲಿಯೇ ಜಠರದ ಬೈಪಾಸ್ ಆರಂಭಿಸಿದರು. ಈಗ ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ, ಅಕ್ಕಲಕೋಟ ಕಡೆಯ ಒಕ್ಕಲು ಮನೆತನಗಳಲ್ಲೂ ಇದರ ಮಾತು ಕೇಳಿಬರುತ್ತದೆ. ಸ್ಲೀವ್ ವಿಧಾನದಲ್ಲಿ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆದು ಬಾಳೆಕಾಯಿಯಂಥ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗವನ್ನು ಚಿಕ್ಕ ಚೀಲವಾಗಿ ಮಾಡಿ, ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಆಪರೇಷನ್ ಮಾಡಿಸಿಕೊಂಡು ಊರಿಗೆ ಮರಳಿದವರ ಮುಂದಿನ ಪಾಲನೆಯನ್ನು ಇಲ್ಲಿ ತಿಳಿಯೋಣ.

ಮೊದಲ ವರ್ಷ ತೂಕ ಇಳಿದು ಮೈ ಹಗುರಾಗುತ್ತದೆ. "ಇನ್ನೇಕೆ ರಕ್ತ ತೆಗೆಸುವುದು, ಸುಮ್ಮನೆ ದುಡ್ಡು ದಂಡ" ಎಂಬ ಮಾತು ಹುಟ್ಟುವುದು ಆಗಲೇ. ನಮ್ಮ ಎರಿ ಹೊಲದ ಹಿಂಗಾರಿ ಜೋಳ ಮಳೆ ನಿಂತ ಮೇಲೂ ನೆಲದೊಳಗಿನ ತೇವದ ಮೇಲೆಯೇ ಹಸಿರಾಗಿ ನಿಲ್ಲುತ್ತದಲ್ಲವೇ? ಹಾಗೆಯೇ ನಮ್ಮ ಯಕೃತ್ತು ವಿಟಮಿನ್ ಬಿ-12 ಅನ್ನು ಕೂಡಿಟ್ಟುಕೊಂಡಿರುತ್ತದೆ. ಆಪರೇಷನ್ ನಂತರ ಹೊಸದು ಒಳಬರುವುದು ಕಡಿಮೆಯಾದರೂ ಒಂದೆರಡು ವರ್ಷ ಹೊರಗೆ ಏನೂ ಕಾಣಿಸದಿರಬಹುದು. ದಾಸ್ತಾನು ತೀರಿದ ಮೇಲೆ ಅಂಗಾಲು ಜುಮ್ಮೆನ್ನುವುದು, ನಡಿಗೆ ತಪ್ಪುವುದು, ಮರೆವು ಶುರುವಾಗುತ್ತವೆ. ತಡವಾದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗಲಿಕ್ಕಿಲ್ಲ. ಅಲ್ಲಿಯವರೆಗೆ ಕಾಯದೆ ಕೊರತೆಯನ್ನು ತಿಳಿಯುವ ದಾರಿ ರಕ್ತ ತಪಾಸಣೆಯೇ.

ಸಾಮಾನ್ಯವಾಗಿ 3, 6 ಮತ್ತು 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಜೀವಮಾನವಿಡೀ ತಪಾಸಣೆ ಬೇಕು. ಹಿಮೋಗ್ಲೋಬಿನ್, ಫೆರಿಟಿನ್, ಬಿ-12, ಫೋಲಿಕ್ ಆಮ್ಲ, ವಿಟಮಿನ್ ಡಿ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನು, ಸಕ್ಕರೆ ಇವು ಮುಖ್ಯ. ರಿಪೋರ್ಟು ಮೊಬೈಲಿಗೆ ಬಂದು ಅಲ್ಲಿಯೇ ಉಳಿದರೆ ಉಪಯೋಗವಿಲ್ಲ. ಕಾಗದದ ಮೇಲೆ ತೆಗೆಸಿ, ಅಂದಿನ ತೂಕ ಬರೆದು, ಡಿಸ್ಚಾರ್ಜ್ ಕಾರ್ಡಿನ ಜೊತೆ ಒಂದೇ ಚೀಲದಲ್ಲಿಡಬೇಕು. ಆಪರೇಷನ್ ಪುಣೆಯಲ್ಲಾಗಿ ಜ್ವರಕ್ಕೆ ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೆ ಹೋದಾಗ, ಆದದ್ದು ಸ್ಲೀವೋ ಬೈಪಾಸೋ ಎಂದು ಅಲ್ಲಿನ ವೈದ್ಯರಿಗೆ ತಿಳಿಸುವುದು ಆ ಕಾರ್ಡೇ.

ಎಲ್ಲ ಅಂಕಿಯೂ "ನಾರ್ಮಲ್" ಎಂದಿದ್ದರೆ ಸಾಕೆಂದು ತಿಳಿಯಬಾರದು. ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಿದ್ದು ಪ್ಯಾರಾಥೈರಾಯ್ಡ್ ಹಾರ್ಮೋನು ಏರಿದ್ದರೆ, ದೇಹ ಎಲುಬಿನಿಂದ ಕ್ಯಾಲ್ಸಿಯಂ ಕಡ ತೆಗೆದು ಲೆಕ್ಕ ಸರಿದೂಗಿಸುತ್ತಿರಬಹುದು. ಹಿಮೋಗ್ಲೋಬಿನ್ ಇಳಿಯುವ ಮೊದಲೇ ಕಬ್ಬಿಣದ ದಾಸ್ತಾನು, ಅಂದರೆ ಫೆರಿಟಿನ್, ಬರಿದಾಗಿರಬಹುದು. ಹೋದ ವರ್ಷದ ಅಂಕಿಯ ಪಕ್ಕದಲ್ಲಿಟ್ಟು ನೋಡಿದಾಗಲೇ ಇಳಿಕೆ ಕಣ್ಣಿಗೆ ಬೀಳುತ್ತದೆ. ಕೂದಲುದುರುವುದಕ್ಕೆ ಬಯೋಟಿನ್ ಮಾತ್ರೆ ನುಂಗುವವರು ರಕ್ತ ಕೊಡುವ ಮೊದಲೇ ವೈದ್ಯರಿಗೆ ಹೇಳಬೇಕು. ಅದು ಥೈರಾಯ್ಡ್ ತಪಾಸಣೆಯನ್ನು ಕೆಡಿಸಬಲ್ಲದು. ಬೈಪಾಸ್ ಆದವರಿಗೆ ಗ್ಲೂಕೋಸ್ ನೀರು ಕುಡಿಸಿ ಮಾಡುವ ಸಕ್ಕರೆ ತಪಾಸಣೆಯಿಂದ ಬೆವರು, ಎದೆಬಡಿತ, ತಲೆಸುತ್ತು ಬರಬಹುದು. ಲ್ಯಾಬಿನಲ್ಲಿ ಇದನ್ನೂ ಮುಂಚೆಯೇ ತಿಳಿಸಿರಿ.

ಕಬ್ಬಿಣದ ಮಾತ್ರೆಯನ್ನು ಚಹಾ, ಹಾಲಿನ ಜೊತೆ ನುಂಗಬೇಡಿರಿ. ಕಬ್ಬಿಣಕ್ಕೂ ಕ್ಯಾಲ್ಸಿಯಂ ಮಾತ್ರೆಗೂ ಕನಿಷ್ಠ 2 ತಾಸು ಅಂತರವಿರಲಿ. ಊಟದಲ್ಲಿ ಬೇಳೆ, ತತ್ತಿ, ಮೀನು, ಮೊಸರು ಮೊದಲು, ರೊಟ್ಟಿ ಆಮೇಲೆ; ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನು ಬೇಕು. ಕಡಕ್ ರೊಟ್ಟಿ ಮೊದಲ ತಿಂಗಳುಗಳಲ್ಲಿ ಬೇಡವೇ ಬೇಡ. ಶೇಂಗಾ ಚಟ್ನಿ ನಮ್ಮ ಸೊಲ್ಲಾಪುರದ ಹೆಮ್ಮೆ ನಿಜ, ಆದರೆ ಇಳಿದ ತೂಕವನ್ನು ಮರಳಿ ತರುವುದಕ್ಕೂ ಅದು ಸಾಕು! ಸುಗ್ಗಿಯಲ್ಲಿ ಸೊಂಟ ನೋವೆಂದು ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ನುಂಗುವ ಚಾಳಿ ಬಿಡಬೇಕು. ಬೈಪಾಸ್‌ನ ಜೋಡಣೆಯಲ್ಲಿ ಅವು ಹುಣ್ಣು ಮಾಡುತ್ತವೆ. ತೂಕ ಇಳಿದಂತೆ ಸಕ್ಕರೆ ಮತ್ತು ರಕ್ತದೊತ್ತಡದ ಔಷಧಿಯ ಪ್ರಮಾಣವನ್ನೂ ವೈದ್ಯರೇ ಇಳಿಸಬೇಕು.

ಒಂದು ಸ್ಥಿತಿಯಲ್ಲಿ ಮಾತ್ರ ರಿಪೋರ್ಟಿಗಾಗಿ ಕಾಯಕೂಡದು. ವಾಂತಿ ದಿನಗಟ್ಟಲೆ ನಿಲ್ಲದೆ, ನಡಿಗೆ ತೂರಾಡುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಾತು ಗೊಂದಲವಾಗುವುದು ಕಂಡರೆ ಅದು ವಿಟಮಿನ್ ಬಿ-1ರ ತೀವ್ರ ಕೊರತೆ ಇರಬಹುದು. ನಿಶ್ಶಕ್ತಿ ಬಂತೆಂದರೆ ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳುವುದು ನಮ್ಮ ಹಳ್ಳಿಗಳ ರೂಢಿ. ಇಂಥ ರೋಗಿಗೆ ಬಿ-1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಕಾಯಂ ಹಾನಿಯಾಗಬಹುದು. ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ದು, "ಜಠರದ ಆಪರೇಷನ್ ಆಗಿದೆ, ಬಿ-1 ಇಂಜೆಕ್ಷನ್ ಬೇಕೇ?" ಎಂದು ಕೇಳಲೇಬೇಕು.

ತಪಸ್ಸುಕಾಲದ ಬಗ್ಗೆ ಒಂದು ಮಾತು. ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸಕ್ಕೆ ಧರ್ಮಸಭೆ ರೋಗಿಗಳನ್ನು ಒತ್ತಾಯಿಸುವುದಿಲ್ಲ. ಆಪರೇಷನ್ ಆದವರು ಗುರುಗಳೊಡನೆ ಮಾತನಾಡಿ ಬೇರೆ ತ್ಯಾಗವನ್ನು ಆರಿಸಿಕೊಳ್ಳಬಹುದು. ನೀರು ಮತ್ತು ಮಾತ್ರೆಗಳನ್ನು ಆ ದಿನಗಳಲ್ಲೂ ಬಿಡಬಾರದು.